ಮುಳ್ಳು

ದುರ್ಗಿಗುಡಿಯಲ್ಲಿ, ಕನ್ನಡಕದಂಗಡಿಯ ಮೇಲೆ,
ಹದಿನೇಳು ಮೆಟ್ಟಿಲು.
ಹದಿನಾರನೆಯದರ ಅಂಚು ಕಿತ್ತಿದೆ,
ಗೊತ್ತಿದ್ದವರು ದಾಟಿ ಹತ್ತುತ್ತಾರೆ.
ನನಗೆ ಗೊತ್ತಿರಲಿಲ್ಲ. ಎಡವಿದಾಗ ಎದೆಗವಚಿಕೊಂಡದ್ದು ಕ್ಯಾಮೆರಾ,
ಮೊಣಕಾಲು ಆಮೇಲೆ ನೆನಪಾಯಿತು.

ಇನ್ನಾಸಪ್ಪನವರು ಏಳಲಿಲ್ಲ.
ಕಿವಿಯಲ್ಲಿ ಮಾಸಿದ ಗುಲಾಬಿ ಬಣ್ಣದ ಯಂತ್ರ,
ಒಂದು ಕಣ್ಣಿಗೆ ಗಡಿಯಾರದವರ ಭೂತಗನ್ನಡಿ.
ಕ್ಯಾಮೆರಾದ ಅಡಿ ಮಗುಚಿ ಓದಿದರು:
ಸುರಕ್ಷತಾ ವಿಭಾಗ, ೧೧೪. ಮೊಳೆಯಲ್ಲಿ ಗೀಚಿದ ಅಕ್ಷರ.
"ಭದ್ರಾವತಿ ಗುಜರಿಯದಾ?"
"ಹೂಂ. ಲೆನ್ಸ್ ಬೇರೆ ಕಡೆಯದು,
ಸಾಗರದಲ್ಲಿ ಸ್ಟುಡಿಯೋ ಮುಚ್ಚಿದವರು ಕೊಟ್ಟರು."
"ಬೇರೆ ಕಡೆಯದು ಅಂತ ಅದೇ ಹೇಳ್ತಾ ಇದೆ."

ತಿರುಗಿಸಿದರು. ಒಂದು ಸುತ್ತು, ಬೆಣ್ಣೆ.
ಇನ್ನರ್ಧಕ್ಕೆ ಕಚ್ಚಿಕೊಂಡಿತು.
"ಇದರ ಬಾಯಿ ನಲವತ್ತೆರಡು, ಅದರದ್ದೂ ನಲವತ್ತೆರಡು.
ಥ್ರೆಡ್ಡು ಮಾತ್ರ ಬೇರೆ. ಒಂದು ಮುಕ್ಕಾಲು ಮಿಲಿ, ಒಂದು ಪೂರ್ತಿ.
ಹೊರಗಿಂದ ಯಾರಿಗೂ ತಿಳಿಯಲ್ಲ.
ಬಲವಂತ ಮಾಡಿದ್ರೆ ಎರಡೂ ಕೆಡ್ತವೆ."

ಕೋಡುಬಳೆ ಡಬ್ಬಿ ತೆಗೆದರು.
ಒಳಗೆ ಬನಿಯನ್ ಚೂರುಗಳಲ್ಲಿ ಸುತ್ತಿದ
ಮೈ ಕಳೆದುಕೊಂಡ ಲೆನ್ಸುಗಳು.
ನಾಲ್ಕನೆಯದು ಮೂರೂವರೆ ಸುತ್ತು ಹೋಗಿ
ತಾನೇ ನಿಂತಿತು.
ಸಂಖ್ಯೆಗಳು ಸರಿಯಾಗಿ ನೆತ್ತಿಗೆ ಬಂದವು.

"ಈಗ ಈ ಗುಂಡಿ ಒತ್ತಿ."
ಒತ್ತಿದೆ. ಎದುರಿನ ಬೇಕರಿ, ಆಟೋ ಸಾಲು, ಹೆಂಗಸೊಬ್ಬಳ ಕೊಡೆ
ಎಲ್ಲ ಒಮ್ಮೆಲೆ ಮಬ್ಬಾದವು.
"ಹಳೇ ಪದ್ಧತಿ. ಬೆಳಕು ಎಷ್ಟಿದೆ ಅಂತ ಹೇಳೋಕೆ
ಮೊದಲು ತಾನು ಕತ್ತಲು ಮಾಡ್ಕೊಳ್ಳತ್ತೆ."
ಅದು ಹೇಳಲಿಲ್ಲ.
ಮುಳ್ಳು ತಳದಲ್ಲೇ ಮಲಗಿತ್ತು.

"ಪಾದರಸದ ಸೆಲ್ಲು ಈಗೆಲ್ಲಿ ಬರತ್ತೆ.
ಅಂಗಡೀಲಿ ಸಿಗೋದು ಒಂದೂವರೆ ವೋಲ್ಟು,
ಹಾಕಿದ್ರೆ ಇದ್ದಿದ್ದಕ್ಕಿಂತ ಹೆಚ್ಚು ಹೇಳತ್ತೆ."
ಸ್ವಲ್ಪ ಹೊತ್ತು ಸುಮ್ಮನಿದ್ದರು.
ಆಮೇಲೆ ಕಿವಿಗೆ ಕೈ ಹಾಕಿ ಯಂತ್ರ ಕಿತ್ತು
ಉಗುರಿನಲ್ಲಿ ಅದರ ಬಾಗಿಲು ತೆರೆದು
ಹುಣಸೆಬೀಜದಷ್ಟು ಬ್ಯಾಟರಿ ಅಂಗೈಗೆ ಉದುರಿಸಿಕೊಂಡರು.
"ಗಾಳಿ ಕುಡಿದು ಬದುಕೋದು. ಒಂದು ಪಾಯಿಂಟ್ ನಾಲ್ಕು.
ಹೆಚ್ಚುಕಮ್ಮಿ ಸರಿಹೋಗತ್ತೆ."
ಹವಾಯಿ ಚಪ್ಪಲಿಯಿಂದ ಕೊಯ್ದ ರಬ್ಬರು ಉಂಗುರ ಸುತ್ತಲೂ ಕೂರಿಸಿ
ಮುಚ್ಚಳ ತಿರುಪಿದರು.

ಮುಳ್ಳು ಅದುರಿತು. ಎದ್ದಿತು.
ಕಿಟಕಿಗೆ ಹಿಡಿದರೆ ಇನ್ನೂ ಎದ್ದಿತು.

"ಎಷ್ಟಾಯ್ತು?" ಅಂದೆ.
ಅವರು ನನ್ನ ತುಟಿ ನೋಡಿದರು.
"ಎಷ್ಟು!" ಕೂಗಿದೆ, ಕೆಳಗಿನ ಕನ್ನಡಕದವನಿಗೂ ಕೇಳಿರಬೇಕು.
ಎಂಟು ಬೆರಳು ತೋರಿಸಿದರು.
ಪರ್ಸು ತೆಗೆದು ನೂರರ ನೋಟುಗಳನ್ನು ಎಣಿಸತೊಡಗಿದೆ.
ನಕ್ಕು, ತಲೆಯಾಡಿಸಿ,
ಲೆನ್ಸಿನ ಮೇಲಿನ ಎಂಟನ್ನು ಮುಟ್ಟಿ, ಬೀದಿಯ ಮೋಡದ ಬೆಳಕು ತೋರಿಸಿದರು.

ಮತ್ತೆ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟರು:
ಇದಕ್ಕೆ ಲೋಕವೆಲ್ಲ ಬೂದಿ ಬಣ್ಣ.
ಬಿಳಿ ಪಂಚೆಯೂ ಬೂದಿ, ಎಮ್ಮೆಯೂ ಬೂದಿ.
ಬಿಳಿಗೆ ಎರಡು ಹೆಚ್ಚು ಕೊಡಿ, ಕಪ್ಪಿಗೆ ಒಂದೂವರೆ ಕಮ್ಮಿ.
ಕುಲುಮೆ ಇದ್ದರೆ ದೇವರೇ ಗತಿ.
ಮುಳ್ಳು ಹೇಳಿದ್ದು ಕೇಳಿ, ಹಾಗೇ ಮಾಡಬೇಡಿ.

ನಾಲ್ಕು ನೂರರ ರೋಲು ಹಾಕಿದೆ.
ಅವರನ್ನೇ ಕಿಟಕಿಯ ಪಕ್ಕ ಕೂರಿಸಿದೆ.
ಕರಿ ಕೋಟು, ನೆರೆತ ತಲೆ, ಯಾವುದನ್ನು ಅಳೆಯುವುದು?
ಅವರೇ ಅಂಗೈ ಚಾಚಿದರು, ಇದನ್ನು ಓದು ಎಂಬಂತೆ.
ಎಣ್ಣೆಜಿಡ್ಡು ಕೂತು ಕಪ್ಪಾದ ಆಯುಷ್ಯರೇಖೆ,
ಮುಳ್ಳಿಗೆ ಅದರ ಗೊಡವೆಯಿಲ್ಲ.
ಎರಡು ಪಾಯಿಂಟ್ ಎಂಟು ಅಂದಿತು.
ಅಂಗೈಗೆಂದು ಒಂದು ಹೆಚ್ಚಿಸಿ, ಎರಡಕ್ಕೆ ತಿರುಗಿಸಿ,
ಒತ್ತಿದೆ.

ಸದ್ದು ದೊಡ್ಡದೇ, ಲೋಹದ ಚಿಲಕ ಬಿದ್ದಂತೆ.
ಅವರು ಅಲುಗದೆ ಕೂತೇ ಇದ್ದರು,
ಉಸಿರು ಕಟ್ಟಿ,
ಕಣ್ಣು ಮಿಟುಕಿಸದೆ.
ಆಯಿತು ಎಂದು ಸನ್ನೆ ಮಾಡಬಹುದಿತ್ತು.
ಫಿಲ್ಮ್ ಮುಂದೆ ಸರಿಸಿದೆ.