ಗೀರು

ಲಕ್ಕಸಂದ್ರದ ನಮ್ಮ ಗ್ಯಾರೇಜಿಗೆ ಅದು ಬಂದದ್ದು
ಹಾಲಿನ ಕ್ರೇಟಿನಲ್ಲಿ, ಟವೆಲು ಸುತ್ತಿಕೊಂಡು,
ತವರಿಂದ ಬಂದ ಕೂಸಿನ ಹಾಗೆ.
ಬೂತಿನ ರುದ್ರಯ್ಯನ ಮಗಳು ಭ್ರಮರ
ಬಿಚ್ಚಿ ತೋರಿಸಿದಳು: ಒಂದು ತಲೆ. ಒಳಗೆ ಯಾರೂ ಇಲ್ಲ.

"ಏನಮ್ಮ ಇದು, ಬೈಕಿಂದಾ?"
"ಅಲ್ಲ ಅಂಕಲ್, ಗಗನನೌಕೆಯದು. ನಾನೇ ಬರೆದ ಕತೆ.
ಇವಳು ಮೂರನೇ ದಳದ ಚಾಲಕಿ."

ತಿರುಗಿಸಿ ನೋಡಿದೆ. ಕಸುಬಿನ ಕಣ್ಣು ಸುಮ್ಮನಿರುವುದಿಲ್ಲ.
ಯೋಗದ ಚಾಪೆ ಕತ್ತರಿಸಿ, ಇಸ್ತ್ರಿಪೆಟ್ಟಿಗೆಯ ಕಾವಿಗೆ ಬಾಗಿಸಿ,
ಮೈದಾ ಅಂಟಿನಲ್ಲಿ ಹಳೇ ಪೇಪರು ಒಂಬತ್ತು ಪದರ.
ದವಡೆಯ ಹತ್ತಿರ ಇನ್ನೂ ಓದಲಿಕ್ಕೆ ಬರುತ್ತಿತ್ತು,
ಜಯನಗರದಲ್ಲಿ ನಾಳೆ ನೀರಿಲ್ಲ ಅಂತ.
ಕಿವಿಗಳು ತುಪ್ಪದ ಡಬ್ಬಿಯ ಮುಚ್ಚಳ.
ಉಸಿರಿನ ಜಾಲರಿ ಅಜ್ಜಿಯ ಟೀ ಸೋಸುವ ಜರಡಿ,
"ಅವರಿಗಿನ್ನೂ ಗೊತ್ತಿಲ್ಲ."
ಕಣ್ಣಿಗೆ ಎಸ್.ಪಿ. ರಸ್ತೆಯ ನೀಲಿ ದೀಪ ಎರಡು,
ಒಂದು ಉರಿಯುತ್ತದೆ,
ಇನ್ನೊಂದು ಅದಕ್ಕೆ ಮನಸ್ಸು ಬಂದಾಗ.

ಎಡಗೆನ್ನೆ ಬಲಗೆನ್ನೆಗಿಂತ ಅರ್ಧ ಬೆರಳು ದಪ್ಪ.
ಹೇಳಲಿಲ್ಲ. ಪುಟ್ಟಿ ಹಚ್ಚಿದೆ.
ಮೂರು ಸಂಜೆ ಉಜ್ಜಿದೆವು, ಅವಳೂ ನಾನೂ,
ನೂರಿಪ್ಪತ್ತರ ಎಮರಿ, ಮುನ್ನೂರಿಪ್ಪತ್ತರದು,
ಕೊನೆಗೆ ನೀರು ಚಿಮುಕಿಸಿ ಆರುನೂರರದು.
ನಯಾಜ್ ನಕ್ಕ: "ಉಸ್ತಾದ್, ಇದಕ್ಕೆ ಇನ್ಶೂರೆನ್ಸ್ ಐತಾ?"
ನಾಲ್ಕನೇ ದಿನ ಕಂಪ್ರೆಸರು ಗುರ್ರೆಂದಿತು.
ಯಾರದೋ ಕಾರಿನ ಬಾಗಿಲಿಗೆ ಕಲಸಿ ಉಳಿದ ಬೆಳ್ಳಿ ಬಣ್ಣ
ಮಂಜು ಕೂತ ಹಾಗೆ ತೆಳ್ಳಗೆ ಕೂತಿತು.
ನನ್ನ ಕೈಯ ಬಗ್ಗೆ ನಾನೇ ಹೇಳಬಾರದು,
ಆದರೆ ಟ್ಯೂಬ್‌ಲೈಟು ಅದರ ನೆತ್ತಿಯ ಮೇಲೆ
ಒಂದು ಕಡೆಯೂ ಮುರಿಯದೆ ಉದ್ದಕ್ಕೆ ಮಲಗಿತ್ತು.

ಭ್ರಮರ ಒಂದು ಸುತ್ತು ಬಂದಳು. ತುಟಿ ಕಚ್ಚಿದಳು.
"ಚೆನ್ನಾಗಿದೆ ಅಂಕಲ್. ಈಗ ಹಾಳು ಮಾಡಿ."

ಹಾಳಾ?

"ಹೊಸದರ ಥರ ಕಾಣ್ತಿದೆ. ಇವಳು ಹನ್ನೊಂದು ಯುದ್ಧ ನೋಡಿದಾಳೆ.
ಗೀರು ಬೇಕು, ಮಸಿ ಬೇಕು, ತುಕ್ಕು ಬೇಕು.
ಬೇಕಂತ ಮಾಡಿದ್ದು ಅಂತ ಗೊತ್ತಾಗ್ಬಾರದು."

ಇಪ್ಪತ್ತೆಂಟು ವರ್ಷ ನಾನು ಗೀರು ಅಳಿಸಿದವನು.
ಹೆಂಡತಿಗೆ ಗೊತ್ತಾಗುವ ಮೊದಲು, ಅಪ್ಪನಿಗೆ ಗೊತ್ತಾಗುವ ಮೊದಲು,
ಮಾರುವ ಮೊದಲು, ಹೂ ಕಟ್ಟಿ ಮದುಮಗನನ್ನು ಕೂರಿಸುವ ಮೊದಲು.
ಈ ಊರಿನ ಅರ್ಧ ಸುಳ್ಳು ನನ್ನ ಪಾಲಿಶ್ ಬಟ್ಟೆಯಲ್ಲಿದೆ.
ಮೊಳೆ ಹಿಡಿದ ಕೈ ಏಳಲೇ ಇಲ್ಲ.

"ಎಲ್ಲಿ ಬೇಕಮ್ಮ?"
"ಎಲ್ಲಿ ತಾಗಿರತ್ತೋ ಅಲ್ಲಿ."

ಅದನ್ನು ನನ್ನ ಕೇಳಿ.
ಮೂಲೆಗೆ ಮೊದಲು. ಆಮೇಲೆ ಅಂಚಿಗೆ.
ನಾವು ನೋಡದೆ ಇರುವ ಜಾಗಕ್ಕೆ ಯಾವಾಗಲೂ.
ಹುಬ್ಬಿನ ಮೇಲೆ ಒಂದು ಎಳೆದೆ: ಡೇರಿ ಸರ್ಕಲ್ಲಿನ ನೀರಿನ ಟ್ಯಾಂಕರು.
ದವಡೆಯ ಕೆಳಗೆ ಜೋಡಿ: ಮಡಿವಾಳದ ತರಕಾರಿ ಗಾಡಿ.
ಕಿವಿಯ ಹಿಂದೆ ಒಂದು, ಚಿಕ್ಕದು, ಆಳದ್ದು.
ಅದು ಯಾವುದೆಂದು ಹೇಳಲಿಲ್ಲ.
ಅವಳು ಒಂದೊಂದಕ್ಕೂ ಒಂದು ಗ್ರಹದ ಹೆಸರಿಟ್ಟು
ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.
ಮಸಿಗೆ ಹಳೇ ಎಂಜಿನ್ ಆಯಿಲು,
ತುಕ್ಕಿಗೆ ಕೆಮ್ಮಣ್ಣು, ಬೆಳಗಿನ ಕಾಫಿ ಚರಟ.
ಮೂಗು ಹತ್ತಿರ ತಂದರೆ
ಯುದ್ಧಭೂಮಿ ದರ್ಶಿನಿಯ ಹಾಗೆ ಘಮಗುಟ್ಟುತ್ತಿತ್ತು.

ಕತ್ತಲಾಗುವಾಗ ಅಪ್ಪನ ಮೊಪೆಡ್ಡಿನ ಹಿಂದೆ
ಖಾಲಿ ಕ್ರೇಟು ತಬ್ಬಿಕೊಂಡು, ಹಾಕಿಕೊಂಡೇ ಹೋದಳು.
ಮೂಲೆಯ ಸಿಗ್ನಲ್ಲಿನಲ್ಲಿ ಪೊಲೀಸಪ್ಪ
ಸೀಟಿ ತುಟಿಗಿಟ್ಟವನು ಊದಲು ಮರೆತ.
ಹಿಂಬದಿ ಸವಾರಳಿಗೆ ಹೆಲ್ಮೆಟ್ಟೇನೋ ಇದೆ,
ಐಎಸ್ಐ ಮುದ್ರೆ ಇಲ್ಲ,
ಒಂದು ಕಣ್ಣು ನೀಲಿ.

ಮಾರನೆಯ ದಿನ ಬಿಳಿ ಕಾರೊಂದು ಬಂತು,
ಎಡಬಾಗಿಲಿಗೆ ಮಾರುದ್ದದ ಗೀರು.
"ಇವತ್ತೇ ಹೋಗ್ಬೇಕು. ಗೊತ್ತಾಗ್ಬಾರದು."
ಹೋಗತ್ತೆ ಸಾರ್, ಎಂದೆ.
ಎಮರಿ ತೆಗೆಯುವ ಮೊದಲು ಸುಮ್ಮನೆ ಬೆರಳಿಟ್ಟು
ಈ ತುದಿಯಿಂದ ಆ ತುದಿಗೆ ಹೋಗಿ ಬಂದೆ.
ಉಗುರಿನ ಸಂದಿಯಲ್ಲಿ ಇನ್ನೂ ಬೆಳ್ಳಿ.
"ಏನು ಹುಡುಕ್ತಿದೀರ ಉಸ್ತಾದ್?" ಎಂದ ನಯಾಜ್.
ನೀರು ತಗೊಂಬಾ, ಎಂದೆ.