ಕೈಯೆತ್ತುವ ಕೆಲಸ

ಸ್ಟವಾಂಗರಿನ ಹೊಸ ಆಸ್ಪತ್ರೆ, ನಾಲ್ಕನೆಯ ಮಹಡಿ.
ಕಿಟಕಿಗಳಿಗೆ ಇನ್ನೂ ಗಾಜು ಬಂದಿಲ್ಲ,
ಕಡಲಗಾಳಿ ಪ್ಲಾಸ್ಟಿಕ್ ಹಾಳೆಗಳನ್ನು ಬಡಿಯುತ್ತ
ಒಳಗೆ ನುಗ್ಗಲು ಹೊಂಚುತ್ತಿದೆ.
ಬೆಳಗ್ಗೆ ಏಳಕ್ಕೆ ನಾನು ಅದಕ್ಕೆ ಬ್ಯಾಟರಿ ಸಿಕ್ಕಿಸುತ್ತೇನೆ.
ಹಸಿರು ದೀಪ.
ರಬ್ಬರು ಪಟ್ಟಿಗಳ ಮೇಲೆ ತೆವಳುತ್ತ ಮೂಲೆಗೆ ಹೋಗಿ
ಇರುವ ಒಂದೇ ತೋಳನ್ನು ಮೇಲೆತ್ತುತ್ತದೆ,
ಅಟ್ಟದ ಡಬ್ಬಿಗೆ ತಡಕಾಡುವ ಮುದುಕಿಯ ಹಾಗೆ.
ಅದಕ್ಕೇ ಟೂರ್ಗೈರ್ ಇಟ್ಟ ಹೆಸರು ಬೆಸ್ತೆಮೂರ್,
ಅವನ ಭಾಷೆಯಲ್ಲಿ ಅಜ್ಜಿ.

ಹದಿನೇಳು ವರ್ಷ ಆ ಅಜ್ಜಿ ನಾನಾಗಿದ್ದೆ.

ಏಣಿ. ಏಣಿಯ ಮೇಲೆ ನಾನು. ನನ್ನ ಮೇಲೆ ಡ್ರಿಲ್.
ಡ್ರಿಲ್ಲಿನ ಮೇಲೆ ಇಡೀ ಕಾಂಕ್ರೀಟು.
ಕತ್ತು ಹಿಂದಕ್ಕೆ ಬಿದ್ದು, ಬಾಯಿ ತೆರೆದುಕೊಂಡು,
ದಿನಕ್ಕೆ ಇನ್ನೂರು ತೂತು.
ಪುಡಿ ಕಣ್ಣಿಗೆ, ಪುಡಿ ಕಾಲರಿನೊಳಗೆ,
ರಾತ್ರಿ ಬೀಟ್‌ರೂಟ್ ಸೂಪಿನಲ್ಲೂ ಹಲ್ಲಿಗೆ ಕರಕರ.
ರಜೆಗೆ ಕೌನಾಸಿಗೆ ಹೋದಾಗ ದಾಂಗುವೊಲೆ
ಚಹಾದಲ್ಲಿ ಅದ್ದಿದ ಹತ್ತಿಯಿಂದ ರೆಪ್ಪೆ ಒರೆಸುತ್ತ
ಹೇಳುತ್ತಿದ್ದಳು:
"ನಿನ್ನ ಪಕ್ಕ ಮಲಗಿದರೆ ಕಟ್ಟಡದ ಪಕ್ಕ ಮಲಗಿದ ಹಾಗೆ."

ಯಂತ್ರ ಬಂದ ದಿನ ಯಾರೂ ಅಳಲಿಲ್ಲ. ಸುಳ್ಳೇಕೆ,
ನಾನು ನಕ್ಕೆ.
ಪುಡಿ ಉದುರುವ ಮೊದಲೇ ಅದು ಹೀರಿಕೊಳ್ಳುತ್ತದೆ,
ನಕ್ಷೆಯ ಪ್ರಕಾರ ಕೊರೆದು, ತೂತಿನ ಸುತ್ತ
ಬಣ್ಣದ ಉಂಗುರ ಬರೆಯುತ್ತದೆ:
ನೀರಿಗೆ ನೀಲಿ, ಕರೆಂಟಿಗೆ ಹಳದಿ,
ಬೆಂಕಿ ಆರಿಸುವ ಕೊಳವೆಗೆ ಕೆಂಪು.
ಸಿಗರೇಟು ಕೇಳುವುದಿಲ್ಲ, ಚಳಿ ಎಂದು ಗೊಣಗುವುದಿಲ್ಲ.

ಆರು ಜನರ ತಂಡ ಎರಡಕ್ಕಿಳಿಯಿತು.
ತೆಸ್ಫಾಲೆಮ್ ಸುರಂಗದ ಕೆಲಸಕ್ಕೆ ಹೋದ,
ರಿಮಾಂತಸ್ ಲಾರಿ ಓಡಿಸುತ್ತಾನಂತೆ,
ಉಳಿದಿಬ್ಬರ ನಂಬರು ಈಗ ಹತ್ತುವುದಿಲ್ಲ.
ನನ್ನನ್ನು ಇಟ್ಟುಕೊಂಡರು. ಭುಜ ಕೆಟ್ಟವನಿಗೂ
ಟ್ಯಾಬ್ಲೆಟ್ ಒತ್ತಲು ಬೆರಳೊಂದಿದ್ದರೆ ಸಾಕು.
ಆ ನಾಲ್ವರ ಪಾಲಿಗೆ ಕಂಪನಿ ಕೈಯೆತ್ತಿಬಿಟ್ಟಿತು.
ಆಕ್ಷೇಪವಿದ್ದವರು ಕೈಯೆತ್ತಿ ಎಂದರು ಸಭೆಯಲ್ಲಿ.
ನಾನು ಎತ್ತಲಿಲ್ಲ.
ನೋವಿತ್ತು ಎನ್ನಬಹುದು.

ಶುಕ್ರವಾರ, ಕಾರಿಡಾರಿನ ತುದಿಯಲ್ಲಿ,
ನಾನೂರ ಹನ್ನೆರಡನೆಯ ತೂತಿಗೆ ಅಜ್ಜಿ ತಡೆದು ನಿಂತಳು.
ಕಿರ್ರೆಂದದ್ದು ಉಕ್ಕು,
ನಕ್ಷೆಯಲ್ಲಿ ಇಲ್ಲದ ಕಂಬಿ.
ಹಳದಿ ದೀಪ. ತೋಳು ಇಳಿಯಿತು.
ಮುಂದೇನು ಎಂದು ಕೇಳಲು ಅವಳಿಗೆ ಮುಖವಿಲ್ಲ.
ಫೋನಿನಲ್ಲಿ ಟೂರ್ಗೈರ್: "ಸೋಮವಾರ ಆಫೀಸಿನವರು
ನಕ್ಷೆ ತಿದ್ದಿ ಕಳಿಸುತ್ತಾರೆ, ವೈದೋತಸ್. ಇಲ್ಲವೇ…"
ಆ ಇಲ್ಲವೇ ಎಂಬುದು
ಗೋಡೆಗೊರಗಿತ್ತು, ಏಳು ಮೆಟ್ಟಿಲು.

ಹತ್ತಿದೆ.
ಕಂಬಿ ಕಟ್ಟಿದವನು ಯಾರೋ ಏನೋ,
ಅವನ ಅವಸರವನ್ನು ಊಹಿಸಿ ಎರಡು ಬೆರಳು ಎಡಕ್ಕೆ ಸರಿದೆ.
ಬಲಗೈ ಮೊಣಕೈಗೆ ಎಡಗೈ ಊರುಗೋಲು.
ಹನ್ನೊಂದು ಸೆಕೆಂಡು.
ಪುಡಿ ನೇರ ಕಣ್ಣಿಗೇ ಬಂತು,
ಹಳೆಯ ವಿಳಾಸ ಮರೆಯದ ಕಾಗದದಂತೆ.
ಬಣ್ಣ ಅವಳ ಹೊಟ್ಟೆಯೊಳಗೆ; ನಾನು ಪೆನ್ಸಿಲಿನಲ್ಲೇ
ಒಂದು ಉಂಗುರ ಎಳೆದೆ.
ಸೊಟ್ಟಗೆ ಬಂತು.

ಹೆಮ್ಮೆಪಡುವಂಥದ್ದೇನಲ್ಲ.
ಬರುವ ತಿಂಗಳು ಬಿಳಿ ಹಲಗೆಗಳು ಬಂದು
ಉಂಗುರಗಳನ್ನೆಲ್ಲ ಮುಚ್ಚುತ್ತವೆ.
ಅದರ ಕೆಳಗೆ ಯಾರೋ ಮಲಗಿ
ಬಾಟಲಿಯ ಹನಿ ಎಣಿಸುತ್ತಾರೆ.
ಭುಜ ನೋಡುವ ಸೂಲ್‌ಫ್ರಿಡ್ ಒಮ್ಮೆ ಪರದೆಯ ಮೇಲೆ
ನನ್ನ ಸ್ನಾಯುವಿನಲ್ಲೊಂದು ತೂತು ತೋರಿಸಿದ್ದಳು,
ಎಳ್ಳಿನಷ್ಟು, ಕಪ್ಪಗೆ.
"ಯಾವಾಗ ಆಯಿತು ಇದು?" ಎಂದಳು.
ಏಳು ಲಕ್ಷ ತೂತುಗಳಲ್ಲಿ
ಯಾವುದರ ಹೊತ್ತಿಗೆ ಎಂದು ಹೇಳಲಿ?

ಮೂರೂವರೆಗೆ ಅಜ್ಜಿಯನ್ನು ಚಾರ್ಜಿಗೆ ಹಾಕಿದೆ.
ತೋಳು ತಾನೇ ಮಡಚಿಕೊಂಡಿತು, ಲಟಕ್ಕೆನ್ನದೆ.
ಗೂಟದಲ್ಲಿ ನಾಲ್ಕು ಹೆಲ್ಮೆಟ್ಟು ಇನ್ನೂ ಹಾಗೇ ಇವೆ,
ಒಂದರೊಳಗೆ ತೆಸ್ಫಾಲೆಮನ ಒಂಟಿ ಕೈಗವಸು.
ಕೋಟು ತೊಡಲು ನನಗೊಂದು ಕ್ರಮವಿದೆ,
ಮೊದಲು ನೋಯುವ ಕೈ,
ಆಮೇಲೆ ನೋಯದ್ದು.
ಬಸ್ಸಿನಲ್ಲಿ ಹಿಡಿಕೆ ಎಲ್ಲೋ ಮೇಲೆ ತೂಗುತ್ತಿರುತ್ತದೆ.
ಇವತ್ತು ಸೀಟು ಸಿಗಲಿ.