ಬೆನ್ನ ಹಿಂದೆ ಮುಚ್ಚಳ

ತಿಂತಣಿಗೆ ಹರಕಿ ಹೊತ್ತ ಮ್ಯಾಲೆ ಹುಟ್ಟಿದ ಕೂಸು,
ಮೌನೇಶ ಅಂತ ಹೆಸರಿಟ್ಟಾಕಿ ಅಜ್ಜಿ ಬಸ್ಲಿಂಗಮ್ಮ.
ಹದಿನಾಕು ತಿಂಗಳಾದ್ರೂ ಅವ್ವ ಅನ್ಲಿಲ್ಲ.
ಓಣಿಯವರು ನಕ್ಕೋತ ಅಂದ್ರು:
ಹೆಸರಿಗೆ ತಕ್ಕಂಗ ಆದ ನೋಡ್ರಿ.

ನಾನು ಆಶಾ. ಮಸ್ಕಿಯ ಈ ನಾಕು ಓಣಿ ನನ್ನವು.
ಚೀಲದಾಗ ಕಬ್ಬಿಣದ ಗುಳಿಗಿ, ತೂಕದ ಜೋಳಿಗಿ,
ಬಸರಿ ಬಾಣಂತಿ ಲೆಕ್ಕದ ಪುಸ್ತಕ.
ಕಿವಿ ನೋಡಾಕ ಏನೂ ಕೊಟ್ಟಿಲ್ಲ.
ಹಂಗಾಗಿ ಅಮರಮ್ಮನ ಅಡಗಿಮನಿಯಿಂದ
ಅನ್ನದ ಡಬರಿ ಮುಚ್ಚಳ ತಗೊಂಡೆ, ಒಂದು ಸೌಟು.

ಮೊದಲನೇ ಸಲ ಬಡಿದಾಗ ಕೂಸು ತಿರುಗಿತು.
ನೋಡ್ರಿ, ಕೇಳಸ್ತೈತಿ! ಅಜ್ಜಿ ಚಪ್ಪಾಳಿ ತಟ್ಟಿದ್ಲು.
ನಾನೂ ಪುಸ್ತಕದಾಗ ಸರಿ ಅಂತ ಗುರುತು ಹಾಕಿ ಬಂದೆ.
ರಾತ್ರಿ ನಿದ್ದಿ ಬರಲಿಲ್ಲ.
ಸಂಜಿ ಬಿಸಿಲು ನನ್ನ ಬೆನ್ನಿಗಿತ್ತು,
ಕೂಸಿನ ಮುಂದಿನ ಗೋಡಿ ಮ್ಯಾಲೆ
ನಾ ಕೈ ಎತ್ತಿದ ನೆರಳು.
ತಿರುಗಿದ್ದು ಸಪ್ಪಳಕ್ಕಲ್ಲ.

ಮರುದಿನ ಬಿಸಿಲಿಲ್ಲದ ಕಡೆ ನಿಂತು
ಉಸಿರು ಬಿಗಿಹಿಡಿದು ಬಡಿದೆ.
ಜಂತಿಯ ಗುಬ್ಬಿ ಹಾರಿದವು. ಕಟ್ಟಿದ ಆಡು ಜಗ್ಗಾಡಿತು.
ಪಕ್ಕದ ಮನಿಯಿಂದ ಯಾರೋ ಏನಾತವ್ವ ಅಂದ್ರು.
ಮೌನೇಶ ಬೊಟ್ಟಿಗೆ ಅಂಟಿದ ಬೆಲ್ಲ ನೆಕ್ಕೋತ ಕುಂತಿದ್ದ.
ಅಮರಮ್ಮ ಮುಚ್ಚಳ ನನ್ನ ಕೈಯಿಂದ ಕಸಗೊಂಡ್ಲು,
ತಾನೇ ಬಡಿದ್ಲು. ಮತ್ತ ಬಡಿದ್ಲು.
ಅಂಚು ಸೊಟ್ಟಾತು.

ರಾಯಚೂರಿನ ದೊಡ್ಡ ದವಾಖಾನಿಯವರು ಹೇಳಿದ್ರು:
ಪರೀಕ್ಷಾದಾಗ ಕೂಸು ನಿದ್ದಿ ಮಾಡಬೇಕು,
ಅದಕ್ಕ ದಾರಿಯುದ್ದಕ್ಕೂ ಎಚ್ಚರ ಇಡ್ರಿ.
ಐದೂವರಿ ಬಸ್ಸು.
ಸಿಂಧನೂರ ತನಕ ಕಿಟಕಿ ತೋರಿಸಿದಿವಿ,
ಮಾನ್ವಿ ತನಕ ಕಂಡಕ್ಟರನ ಟಿಕೀಟಿನ ಮಷೀನು.
ಆಮ್ಯಾಲೆ ಒದ್ದಿ ಟವೆಲ್ಲಿಲೆ ಮಾರಿ ಒರೆಸೋದು, ಅಂಗಾಲಿಗೆ ಕಚಗುಳಿ.
ಹಿಂದಿನ ಸೀಟಿನಾಕಿ ಬೈದ್ಲು:
ನಿದ್ದಿಗಣ್ಣಿನ ಕೂಸಿಗೆ ಯಾಕ ಹಿಂಗ ಕಾಡ್ತೀರಿ,
ನಿಮಗ ಕರುಳಿಲ್ಲೇನು?
ಅಮರಮ್ಮ ಏನೂ ಅನ್ಲಿಲ್ಲ.
ಟವೆಲ್ಲು ಮತ್ತ ನೀರಾಗ ಅದ್ದಿದ್ಲು.

ಸಣ್ಣ ಖೋಲಿ. ಗೋಡಿಗೆಲ್ಲಾ ದಪ್ಪ ಸ್ಪಂಜು.
ಹಣಿಗೊಂದು, ಕಿವಿ ಹಿಂದ ಎರಡು ವಾಯರು.
ಈಗ ಮಲಗಬೇಕು ಅವ. ಮಲಗ್ತಾನೇನು?
ವಾಯರು ಕಿತ್ತ, ಕಾಲು ಝಾಡಿಸಿದ,
ಇಪ್ಪತ್ತು ನಿಮಿಷ, ನಲವತ್ತು.
ಹೊರಗ ಇನ್ನೂ ಆರು ಕೂಸು ಪಾಳಿ ಹಚ್ಚಿದ್ವು.

ಜೋಗುಳ ಹಾಡಲೇನ್ರಿ? ಅಮರಮ್ಮ ಕೇಳಿದ್ಲು,
ಕೇಳಿ ತಾನೇ ನಾಲಿಗಿ ಕಚಗೊಂಡ್ಲು.
ಪರೀಕ್ಷಾ ಮಾಡೋ ಹುಡುಗಿ ಹಾಡ್ರಿ ಅಂದ್ಲು,
ಮಷೀನು ಇನ್ನೂ ಚಾಲೂ ಮಾಡಿಲ್ಲ.
ಕೂಸಿನ ಗಲ್ಲ ಎದಿಗೆ ಒತ್ತಿಕೊಂಡು
ಬಾಯಿ ಮುಚ್ಚಿ ಗುನುಗಿದ್ಲು.
ಮನ್ಯಾಗೂ ಹಿಂಗೇ ಮಲಗಸ್ತೀನ್ರಿ.
ಆಗ ತಿಳೀತು ನನಗ.
ಹದಿನಾಕು ತಿಂಗಳು ಅವ ಹಾಡು ಕೇಳಿಲ್ಲ,
ಎಲುಬಿನಾಗ ಅದು ನಡುಗೋದನ್ನ
ಮುಟ್ಟಿ ಮುಟ್ಟಿ ಮಲಗ್ಯಾನ.

ಪರದೆ ಮ್ಯಾಲೆ ಗೆರಿ. ಏಳಲಿಲ್ಲ.
ಸಪ್ಪಳ ಏರಿಸಿದ್ರು. ಏಳಲಿಲ್ಲ.
ತೀರಾ ಮ್ಯಾಲೆ ಹೋದಾಗ ಒಂದು ಸಣ್ಣ ಗುಡ್ಡ ಎದ್ದಿತು,
ನಮ್ಮ ಮಸ್ಕಿ ಗುಡ್ಡದ ಕಾಲಾಗಿನ ಕಲ್ಲಿನಷ್ಟು.
ಅಷ್ಟು ಉಳಿದೈತಿ, ಹುಡುಗಿ ಅಂದ್ಲು, ಇನ್ನೂ ಹೊತ್ತೈತಿ.
ನನ್ನ ಪುಸ್ತಕದಾಗ ಆ ಸರಿ ಗುರುತು
ಹಂಗೇ ಬಿಟ್ಟೀನಿ. ಹೊಡೆದು ಹಾಕಿಲ್ಲ. ಕಾಣ್ತಿರಲಿ.

ಈಗ ಎರಡೂ ಕಿವಿಗೆ ಮಷೀನು ಬಂದಾವ.
ಬಟಾಣಿಯಷ್ಟು ಸೆಲ್ಲು, ಅದು ನಮ್ಮ ಊರಾಗ ಸಿಗೂದಿಲ್ಲ.
ವಾರಕ್ಕೊಮ್ಮೆ ಮಾತಿನ ಪಾಠಕ್ಕ ಹೋದ್ರ
ಆ ದಿನ ಹತ್ತಿ ಬಿಡಿಸೋ ಕೂಲಿ ಹೋಕ್ಕೈತಿ.
ಮೌನೇಶ ಒಂದನ್ನ ಕಿತ್ತು ಕೋಳಿಗೆ ಒಗೆದ.
ಕೋಳಿ ಕುಕ್ಕಿ ನೋಡಿತು, ನುಂಗಲಿಲ್ಲ, ಪುಣ್ಯ.
ಅವ್ವ ಅಂದಿಲ್ಲ ಇನ್ನೂ.
ಪ್ರೆಷರ್ ಕುಕ್ಕರ್ ಕೂಗಿದಾಗ ಮಾತ್ರ
ಅಮರಮ್ಮನ ಮಾರಿ ನೋಡ್ತಾನ,
ಇದು ಯಾರು ಅಂತ ಕೇಳಿದಂಗ.

ನಿನ್ನೆ ನಾ ಹೊಂಟಾಗ ಬಸ್ಲಿಂಗಮ್ಮ ಸೆರಗು ಹಿಡಿದ್ಲು.
ಸೊಟ್ಟ ಮುಚ್ಚಳ ನನ್ನ ಕೈಯಾಗಿಟ್ಟು
ಬೆನ್ನು ತಿರುವಿ ಕುಂತ್ಲು.
ನನ್ನ ಹಿಂದೂ ಒಂದು ಸಲ ಬಡಿಯವ್ವ.
ಆರು ವರ್ಷಾತು,
ನೀವು ಏನಂದ್ರೂ ಹೂಂ ಅನಕೋತ ಬಂದೀನಿ.
ಮೊದಲು ಬಿಸಿಲು ಎಲ್ಲೈತಿ ನೋಡ್ಕೊ.